ಚಿಕ್ಕಮ್ಮನ ಕರುಳು ತಿರುಚಿಕೊಂಡಾಗ

ನನ್ನ ಚಿಕ್ಕಮ್ಮನಿಗೆ ತನ್ನ ಕಾಯಿಲೆ ಏನೆಂಬುದು ಡಾಕ್ಟರಿಗಿಂತ ಒಂದು ದಿನ ಮೊದಲೇ ಗೊತ್ತಿತ್ತು. ಬಾಯಿಬಿಟ್ಟು ಹೇಳಿಯೂ ಇದ್ದಳು. ಹೇಳಿದವಳು ಅವಳು ಎಂಬ ಒಂದೇ ಕಾರಣಕ್ಕೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅವಳು ನನ್ನ ಅಮ್ಮನ ಒಬ್ಬಳೇ ತಂಗಿ. ತವರು ಕೊತ್ತಗೆರೆ. ಅಲ್ಲಿಂದ ಕುಣಿಗಲ್ ಪೇಟೆಯ ಒಂದು ಮನೆಗೆ ಮದುವೆ ಮಾಡಿಕೊಟ್ಟಿದ್ದರು. ಮೊದಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಅದಾದ ಮೇಲೆ ಅವಳಿಗೆ ನಿದ್ದೆ ಬಾರದಾಯಿತು, ಇಲ್ಲದವರ ಮಾತು ಕೇಳಿಸತೊಡಗಿತು. ಗಂಡನ ಮನೆಯವರು ಎರಡು ತಿಂಗಳು ನೋಡಿ, ಒಂದು ಟ್ರಂಕಿನ ಸಮೇತ ಕರೆತಂದು ತವರಿನ ಜಗಲಿಯ ಮೇಲೆ ಬಿಟ್ಟು ಹೋದರು. ಅಮ್ಮ ಅವಳನ್ನು ಗುಬ್ಬಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದಳು. ಬೆಂಗಳೂರಿನ ಮನೋವೈದ್ಯರೊಬ್ಬರು ಕೊಟ್ಟ ಮಾತ್ರೆಗಳಿಂದ ವರ್ಷದೊಳಗೆ ಚೇತರಿಸಿಕೊಂಡಳು. ಆಮೇಲೆ ಇಪ್ಪತ್ತೈದು ವರ್ಷ ಆ ಮಾತ್ರೆಗಳನ್ನು ಒಂದು ದಿನವೂ ತಪ್ಪಿಸಲಿಲ್ಲ.

ನಾನು ಕಂಡ ಚಿಕ್ಕಮ್ಮ ಸೀರೆಗೆ ಫಾಲ್ಸ್ ಹೊಲಿಯುವವಳು, ಸೆರಗಿಗೆ ಕುಚ್ಚು ಕಟ್ಟುವವಳು. ಗುಬ್ಬಿಯ ಅರ್ಧ ಊರಿನ ಮದುವೆ ಸೀರೆಗಳು ಅವಳ ಕೈಯಲ್ಲಿ ಹಾದು ಹೋಗಿವೆ. ಯಾರ ಸೀರೆ ಯಾವ ಚೀಲದಲ್ಲಿದೆ ಎಂದು ಬರೆದಿಟ್ಟುಕೊಳ್ಳದೆ ಹೇಳುತ್ತಿದ್ದಳು. ಆದರೂ ಅವಳು ಬಾಗಿಲಿಂದ ಒಳಗೆ ಹೋದ ಮೇಲೆ ಬಂದವರು ನನ್ನ ಕಡೆ ಬಗ್ಗಿ, "ಈಗ ಪರವಾಗಿಲ್ವಾ?" ಎಂದು ತಲೆಯ ಹತ್ತಿರ ಬೆರಳು ತಿರುಗಿಸಿ ಕೇಳುತ್ತಿದ್ದರು. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ.

ಅವಳಿಗೆ ಇನ್ನೆರಡು ತೊಂದರೆಗಳಿದ್ದವು. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರದಿಂದ ಹೃದಯದ ಕವಾಟ ಕೆಟ್ಟಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಇನ್ನೊಂದು ಮಲಬದ್ಧತೆ. ವಾರಕ್ಕೊಮ್ಮೆ ಹರಳೆಣ್ಣೆ ಕುಡಿದು, ಮುಖ ಕಿವುಚಿಕೊಂಡು, ಸುಮ್ಮನೆ ಮೂಲೆಯಲ್ಲಿ ಕೂರುತ್ತಿದ್ದಳು. ಮನೋವೈದ್ಯರ ಆ ಮಾತ್ರೆಗಳು ಕರುಳನ್ನು ಸೋಮಾರಿ ಮಾಡುತ್ತವೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕರುಳು ಹಿಗ್ಗಿ ಜೋತು ಬೀಳುತ್ತದೆ ಎಂದು ನಮಗೆ ಯಾರೂ ಹೇಳಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಚೀಟಿ ಬರೆದುಕೊಟ್ಟ ಒಬ್ಬರಾದರೂ "ಹೊಟ್ಟೆ ಸರಿಯಾಗಿ ಹೋಗುತ್ತಾ?" ಎಂದು ಅವಳನ್ನು ಕೇಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಚಿಕ್ಕಮ್ಮ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಹೊಟ್ಟೆ ತುಂಬು ಬಸುರಿಯ ಹಾಗೆ ಉಬ್ಬಿತ್ತು. ಮುಟ್ಟಿದರೆ ತಮಟೆಯಷ್ಟು ಬಿಗಿ.

"ಏನಾಯ್ತು ಚಿಕ್ಕಮ್ಮ?"

"ಒಗೆದ ಬೆಡ್‌ಶೀಟ್ ಹಿಂಡ್ತೀವಲ್ಲ, ಹಂಗೆ ಒಳಗಡೆ ಯಾರೋ ಹಿಂಡ್ತಾವ್ರೆ ಕಣೇ. ಕರುಳು ಸುತ್ಕೊಂಡೈತೆ. ಗಾಳಿನೂ ಹೋಗ್ತಿಲ್ಲ, ಏನೂ ಹೋಗ್ತಿಲ್ಲ."

ಗುಬ್ಬಿಯ ಒಬ್ಬ ಡಾಕ್ಟರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಚಿಕ್ಕಮ್ಮ ಅವರಿಗೂ ಅದನ್ನೇ, ಅದೇ ಮಾತಿನಲ್ಲಿ ಹೇಳಿದಳು. ಅವರು ಅವಳ ಮಾತ್ರೆಯ ಚೀಟಿ ನೋಡಿ, ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಯಾರೋ ಹಿಂಡ್ತಿದಾರೆ ಅಂತಿದಾರಲ್ಲ, ಹಳೇದು ಮತ್ತೆ ಶುರುವಾದಂಗಿದೆ. ಮಾತ್ರೆ ಸರಿಯಾಗಿ ತಗೋತಿದಾರಾ?"

"ತಗೋತಾರೆ ಸಾರ್. ಹೊಟ್ಟೆ ನೋಡಿ ಸಾರ್, ಎಷ್ಟು ಉಬ್ಬಿದೆ."

"ಗ್ಯಾಸ್ ಮೇಡಂ. ಎನಿಮಾ ಕೊಡ್ಸೋಣ. ಬೆಂಗಳೂರಿಗೆ ಹೋಗಿ ಆ ಡಾಕ್ಟರಿಗೆ ಒಂದ್ಸಲ ತೋರ್ಸಿ."

ಎನಿಮಾದಿಂದ ಏನೂ ಆಗಲಿಲ್ಲ. ಮನೆಗೆ ಬಂದ ಮೇಲೆ ಚಿಕ್ಕಮ್ಮ ನನ್ನ ಮುಖ ನೋಡುತ್ತ, "ನಾನು ಹುಚ್ಚುಮಾತು ಆಡಿದ್ನೇನೇ?" ಎಂದು ಕೇಳಿದಳು. ನಾನು ಇಲ್ಲ ಎಂದೆ. ಆದರೆ ನಿಜ ಬರೆಯಬೇಕಾದರೆ, ಆ ಕ್ಷಣ ನನ್ನೊಳಗೂ ಒಂದು ಸಣ್ಣ ಅನುಮಾನವಿತ್ತು. ಡಾಕ್ಟರ ಮೇಲೆ ನನಗಿರುವ ಸಿಟ್ಟಿನಲ್ಲಿ ನನ್ನ ಪಾಲೂ ಸೇರಿದೆ.

ಮಾರನೆಯ ಬೆಳಿಗ್ಗೆ ಅವಳು ವಾಂತಿ ಮಾಡಿಕೊಳ್ಳಲು ಶುರುಮಾಡಿದಳು. ಬಾಡಿಗೆ ವ್ಯಾನ್ ಮಾಡಿಕೊಂಡು ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಅಡ್ಮಿಟ್ ಮಾಡಿಕೊಳ್ಳುವಾಗಲೇ "ಗಂಡಸರು ಯಾರೂ ಬಂದಿಲ್ವಾ?" ಎಂದರು. ಕೊತ್ತಗೆರೆಗೆ ಫೋನ್ ಮಾಡಿಸಿ ಮಾವನನ್ನು ಕರೆಸಿದೆ. ಮಾವ ಎಂದರೆ ಅಮ್ಮನಿಗೂ ಚಿಕ್ಕಮ್ಮನಿಗೂ ಅಣ್ಣ. ಕೆಟ್ಟವನಲ್ಲ. ತಂಗಿಗೆ ಹಬ್ಬಕ್ಕೊಂದು ಸೀರೆ ತಪ್ಪದೆ ಕಳಿಸುತ್ತಿದ್ದ. ಆದರೆ ಅವಳು ಟ್ರಂಕಿನ ಜೊತೆ ಜಗಲಿಯ ಮೇಲೆ ಬಂದು ಇಳಿದ ದಿನದಿಂದ ಅವಳನ್ನು ಮುಗಿದ ಬಾಬತ್ತು ಎಂದೇ ತಿಳಿದಿದ್ದ.

ಎಕ್ಸ್‌ರೇ ತೆಗೆದರು. ಸರ್ಜನ್ ಅದನ್ನು ಬೆಳಕಿಗೆ ಹಿಡಿದಾಗ ನನಗೂ ಕಂಡಿತು: ಹೊಟ್ಟೆಯ ಉದ್ದಕ್ಕೂ ಗಾಳಿ ತುಂಬಿದ ಒಂದು ದೊಡ್ಡ ಕರುಳು, ಮಡಚಿಕೊಂಡು ಕಾಫಿ ಬೀಜದ ಆಕಾರದಲ್ಲಿ. ಅವರು ಮಾವನಿಗೆ ವಿವರಿಸಿದರು. "ದೊಡ್ಡ ಕರುಳು ಬುಡದಲ್ಲಿ ತಿರುಚ್ಕೊಂಡಿದೆ. ಗಂಟು ಬಿದ್ದಂಗೆ. ಹೊಟ್ಟೆ ಓಪನ್ ಮಾಡಿ ಆ ಭಾಗ ತೆಗೀಬೇಕು."

ಹಿಂದಿನ ದಿನ ಚಿಕ್ಕಮ್ಮ ಹೇಳಿದ್ದು ಇದನ್ನೇ.

ಅರಿವಳಿಕೆಯ ಡಾಕ್ಟರ್ ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಈ ಹೃದಯ ಇಟ್ಟುಕೊಂಡು ಅರಿವಳಿಕೆ ಕೊಟ್ಟರೆ ಟೇಬಲ್ ಮೇಲೇ ಹೋಗಬಹುದು, ನಾನು ಕೊಡುವುದಿಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮಗೆ ತಿಳಿದ ಸತ್ಯ ಹೇಳಿದರು. ಕೇಸ್ ಶೀಟಿನಲ್ಲಿ 'ಅನ್‌ಫಿಟ್' ಎಂದು ಬರೆದು ಸಹಿ ಹಾಕಿ ಹೋದರು.

ಸರ್ಜನ್ ಮಾವನನ್ನು ವರಾಂಡಕ್ಕೆ ಕರೆದರು. ನಾನೂ ಹಿಂದೆಯೇ ಹೋದೆ.

"ನೋಡಿ ಯಜಮಾನ್ರೇ, ಆಪರೇಷನ್ ಮಾಡಕ್ಕಾಗಲ್ಲ. ಮಾಡದಿದ್ರೆ ಎರಡ್ಮೂರು ದಿನ. ಮನೆಗೆ ಕರ್ಕೊಂಡು ಹೋಗ್ಬಿಡಿ. ಮೊದಲೇ ಮೆಂಟಲ್ ಕೇಸು, ಹಾರ್ಟ್ ಬೇರೆ ಸರಿ ಇಲ್ಲ. ಸುಮ್ನೆ ಯಾಕೆ ಹಿಂಸೆ?"

ಮಾವ ಉಸಿರು ಬಿಟ್ಟ. ಅದರಲ್ಲಿ ದುಃಖ ಇತ್ತು, ಅದಕ್ಕಿಂತ ಹೆಚ್ಚಾಗಿ ಹೊರೆ ಇಳಿಸಿದ ನಿರಾಳ ಇತ್ತು. "ಆಗ್ಲಿ ಡಾಕ್ಟ್ರೇ. ನೀವು ಹೇಳ್ದಂಗೆ."

"ಬೇರೆ ದಾರಿ ಏನೂ ಇಲ್ವಾ ಸಾರ್? ಕೊಯ್ಯದೆ ಬಿಡಿಸೋಕೆ ಆಗಲ್ವಾ?" ಎಂದು ನಾನು ಕೇಳಿದೆ. ನನಗೇನೂ ಗೊತ್ತಿರಲಿಲ್ಲ. ಗಂಟು ಬಿದ್ದದ್ದನ್ನು ಕತ್ತರಿಸುವುದೊಂದೇ ದಾರಿಯೇ ಎಂಬ ಸಾಮಾನ್ಯ ತಿಳಿವಳಿಕೆಯಿಂದ ಕೇಳಿದ್ದು.

"ನೀವು ಡಾಕ್ಟ್ರಾ?"

"ಅಲ್ಲ. ಟೀಚರ್."

"ಮತ್ತೆ? ನಾನು ನಿಮ್ಮ ಕ್ಲಾಸಿಗೆ ಬಂದು ಪಾಠ ಮಾಡ್ತೀನಾ?"

ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. "ದೇವ್ರು ಕರೀತಾವ್ನೆ ಕಣಮ್ಮ. ನೀನ್ಯಾಕೆ ಅಡ್ಡ ನಿಲ್ತೀಯ? ಅವ್ಳಿಗೂ ಬಿಡುಗಡೆ ಆಗ್ಲಿ ಬುಡು."

ವಾರ್ಡಿನ ಬಾಗಿಲು ತೆರೆದಿತ್ತು. ಚಿಕ್ಕಮ್ಮನ ದನಿ ಮಂಚದಿಂದ ಕೇಳಿಸಿತು, ಏದುಸಿರಿನ ನಡುವೆ, ಆದರೆ ಸ್ಪಷ್ಟವಾಗಿ. "ದೇವ್ರು ಕರ್ದಿದ್ರೆ ನಂಗೆ ಕೇಳಿಸ್ತಿರ್ಲಿಲ್ವಾ ಅಣ್ಣಾ? ಯಾರ್ಯಾರ್ದೋ ಮಾತು ಕೇಳಿಸ್ಕೊಂಡ ಕಿವಿ ನಂದು. ಇನ್ನೂ ಕರ್ದಿಲ್ಲ ಅವ್ನು."

ಮಾವ ತಲೆ ತಗ್ಗಿಸಿದ. ಸರ್ಜನ್ ಅಷ್ಟರಲ್ಲಿ ಬೇರೆ ರೋಗಿಯ ಕಡೆ ಹೋಗಿಬಿಟ್ಟಿದ್ದರು. ಕೌಂಟರಿನಲ್ಲಿ ಒಂದು ಕಾಗದ ಸಿದ್ಧವಾಗಿತ್ತು: ನಮ್ಮ ಸ್ವಂತ ಇಚ್ಛೆಯಿಂದ ರೋಗಿಯನ್ನು ಕರೆದುಕೊಂಡು ಹೋಗುತ್ತಿದ್ದೇವೆ ಎಂದು. ಯಾರ ಇಚ್ಛೆ? ನಾನು ಸಹಿ ಹಾಕುವುದಿಲ್ಲ ಎಂದೆ. ಮಾವ ಹಾಕಿದ.

ಚಿಕ್ಕಮ್ಮನ ಕೈಯಿಂದ ಡ್ರಿಪ್ ಸೂಜಿ ತೆಗೆಯಲು ಬಂದ ನರ್ಸ್ ನಡುವಯಸ್ಸಿನವಳು. ಸೂಜಿ ತೆಗೆಯಲಿಲ್ಲ, ಅದರ ಮೇಲೆ ಇನ್ನೊಂದು ಪಟ್ಟಿ ಅಂಟಿಸಿದಳು. ತಲೆ ಎತ್ತದೆ, ತುಟಿ ಅಲುಗದ ಹಾಗೆ ಹೇಳಿದಳು. "ಇದೇ ಊರಲ್ಲಿ ಇನ್ನೊಂದು ಆಸ್ಪತ್ರೆ ಇದೆ. ಅಲ್ಲಿಗೆ ವಾರಕ್ಕೆರಡು ದಿನ ಬೆಂಗಳೂರಿಂದ ಹೊಟ್ಟೆ ಡಾಕ್ಟರು ಬರ್ತಾರೆ. ಕೆಳಗಿಂದ ಲೈಟ್ ಇರೋ ಟ್ಯೂಬ್ ಹಾಕಿ ತಿರುಚಿದ್ದು ಬಿಡಿಸ್ತಾರೆ. ಅರಿವಳಿಕೆ ಬೇಡ. ಇವತ್ತು ಅವರ ದಿನ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಆಸ್ಪತ್ರೆಯ ಹೆಸರು ಹೇಳಿದಳು. ಆಟೋದಲ್ಲಿ ಹೋಗುವಷ್ಟು ದೂರ. ಎಕ್ಸ್‌ರೇ ಹಿಡಿದು ಚಿಕ್ಕಮ್ಮನನ್ನು ಅಲ್ಲಿಗೆ ಕರೆದೊಯ್ದೆ.

ಆ ಡಾಕ್ಟರು ತೆಳ್ಳಗಿನ, ಮೆಲುಮಾತಿನ ಮನುಷ್ಯ. ಎಕ್ಸ್‌ರೇ ನೋಡಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಚಿಕ್ಕಮ್ಮನ ಮಂಚದ ಪಕ್ಕ ಸ್ಟೂಲು ಎಳೆದು ಕೂತದ್ದು.

"ಏನಾಗ್ತಿದೆ ಅಮ್ಮ, ಹೇಳಿ."

ಚಿಕ್ಕಮ್ಮ ನನ್ನನ್ನು ನೋಡಿದಳು, ಹೇಳಲೋ ಬೇಡವೋ ಎಂಬಂತೆ. ಆಮೇಲೆ ಬೆಡ್‌ಶೀಟ್ ಹಿಂಡುವ ಮಾತನ್ನು ಮೂರನೆಯ ಸಲ ಹೇಳಿದಳು.

"ಸರಿಯಾಗೇ ಹೇಳಿದ್ರಿ. ಹಿಂಡಿದ ಬೆಡ್‌ಶೀಟೇ ಅದು," ಎಂದರು ಅವರು. ಮುಂದಿನದನ್ನೂ ಅವಳಿಗೇ ಹೇಳಿದರು. ಹಿಂಬದಿಯಿಂದ ಒಂದು ಮೆತ್ತನೆಯ ನಳಿಕೆ ಒಳಗೆ ಹೋಗುತ್ತದೆ, ಅದರ ತುದಿಯಲ್ಲಿ ದೀಪ ಇರುತ್ತದೆ. ತಿರುಚಿದ ಜಾಗ ದಾಟಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬಂದು ಕರುಳು ತಾನೇ ಬಿಚ್ಚಿಕೊಳ್ಳುತ್ತದೆ. ರಕ್ತ ಹರಿಯದೆ ಕರುಳು ಆಗಲೇ ಕಪ್ಪಾಗಿದ್ದರೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. "ಸ್ವಲ್ಪ ನೋವಾಗುತ್ತೆ. ಮಾಡ್ಲಾ?"

"ಮಾಡಪ್ಪ," ಎಂದಳು.

ನಾನು ಪರದೆಯ ಈಚೆ ನಿಂತಿದ್ದೆ. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಮೊದಲು ಅವಳ ನರಳಾಟ, ಡಾಕ್ಟರ "ಇನ್ನೊಂಚೂರು ಅಮ್ಮ, ಇನ್ನೊಂಚೂರು" ಎಂಬ ಮಾತು. ಆಮೇಲೆ ಲಾರಿಯ ಟೈರಿನಿಂದ ಗಾಳಿ ಬಿಟ್ಟಂಥ ಸದ್ದು. ಜೊತೆಗೆ ವಾಸನೆ. ವಾರ್ಡಿನ ಇಬ್ಬರು ಆಯಾಗಳು ಸೆರಗು ಮೂಗಿಗೆ ಹಿಡಿದು ನಗುತ್ತ ಹೊರಗೆ ಓಡಿದರು. ಪರದೆ ಸರಿಸಿದಾಗ ಚಿಕ್ಕಮ್ಮನ ಹೊಟ್ಟೆ ಎಂದಿನ ಹೊಟ್ಟೆಯಾಗಿತ್ತು. ಕಣ್ಣಿನ ಪಕ್ಕದಲ್ಲಿ ನೀರು ಇಳಿದಿತ್ತು. "ಕಾಫಿ ಕೊಡ್ತಾರೇನೇ ಇಲ್ಲಿ?" ಎಂದಳು.

ನಾನು ಕುಣಿದಾಡಬೇಕಿತ್ತು. ಸಂತೋಷ ಆಯಿತು, ಇಲ್ಲವೆನ್ನುವುದಿಲ್ಲ. ಅದರ ಬೆನ್ನಿಗೇ ಅಂಗಾಲಿನಿಂದ ಸಿಟ್ಟು ಏರಿತು. ಇಪ್ಪತ್ತು ನಿಮಿಷ! ಇದೇ ಊರಿನಲ್ಲಿ! ಆ ನರ್ಸ್ ಬಾಯಿ ಬಿಡದಿದ್ದರೆ ನಾವು ಚಿಕ್ಕಮ್ಮನನ್ನು ಗುಬ್ಬಿಗೆ ಕರೆದುಕೊಂಡು ಹೋಗಿ, ಚಾಪೆ ಹಾಸಿ, ಬಾಯಿಗೆ ನೀರು ಬಿಡುತ್ತ ಅವಳು ಸಾಯುವುದನ್ನು ಕಾಯುತ್ತಿದ್ದೆವು.

ಎರಡು ದಿನ ಕರುಳಿನೊಳಗೆ ಒಂದು ರಬ್ಬರ್ ನಳಿಕೆ ಬಿಟ್ಟಿದ್ದು, ಆಮೇಲೆ ತೆಗೆದು ಮನೆಗೆ ಕಳಿಸಿದರು. ಅದಕ್ಕೆ ಮೊದಲು ನಾನು ಆ ನರ್ಸಿಂಗ್ ಹೋಮಿಗೆ ಮತ್ತೆ ಹೋದೆ. ಉಳಿದ ರಿಪೋರ್ಟುಗಳನ್ನು ಕೇಳುವ ನೆಪ. ಸರ್ಜನ್ ರೂಮಿನಲ್ಲಿದ್ದರು.

"ನಮ್ಮ ಚಿಕ್ಕಮ್ಮ ಬದುಕಿದ್ದಾರೆ. ಟ್ಯೂಬ್ ಹಾಕಿ ಬಿಡಿಸಿದರು," ಎಂದೆ.

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೂಂ, ಆಗುತ್ತೆ. ಆದ್ರೆ ಅದು ಪರ್ಮನೆಂಟ್ ಅಲ್ಲಮ್ಮ. ಮತ್ತೆ ತಿರುಚ್ಕೊಳ್ಳುತ್ತೆ ನೋಡ್ತಿರಿ."

"ಅಂದ್ರೆ ಹಂಗೊಂದು ದಾರಿ ಇದೆ ಅಂತ ನಿಮಗೆ ಗೊತ್ತಿತ್ತಾ?"

"ಎಲ್ಲ ಡಾಕ್ಟರಿಗೂ ಗೊತ್ತಿರುತ್ತೆ."

"ನಾನು ನಿಮ್ಮನ್ನ ಅದನ್ನೇ ಕೇಳಿದ್ದು. ಯಾಕೆ ಹೇಳಲಿಲ್ಲ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ನೋಡಮ್ಮ, ಅಂಥಾ ಪೇಶೆಂಟನ್ನ ಮತ್ತೆ ಮತ್ತೆ ಆಸ್ಪತ್ರೆಗೆ ಎಳೆದಾಡಿ ಏನು ಸಾಧಿಸ್ತೀರಿ? ಅವರಿಗೆ ಗಂಡ ಇಲ್ಲ, ಮಕ್ಕಳಿಲ್ಲ. ನಿಮ್ಮ ಒಳ್ಳೇದಕ್ಕೇ ಹೇಳಿದ್ದು."

ಗೊತ್ತಿಲ್ಲದೆ ಹೇಳದಿದ್ದರೆ ಅದು ಬೇರೆ. ಗೊತ್ತಿದ್ದೂ ತನ್ನ ಮನಸ್ಸಿನಲ್ಲಿ ಒಂದು ತಕ್ಕಡಿ ಇಟ್ಟು, ಒಂದು ಕಡೆ ಇಪ್ಪತ್ತು ನಿಮಿಷ, ಇನ್ನೊಂದು ಕಡೆ ಗಂಡ ಮಕ್ಕಳಿಲ್ಲದ ಒಬ್ಬ ಹೆಂಗಸನ್ನು ತೂಗಿ, ಬೇಡ ಎಂದು ತೀರ್ಮಾನಿಸಿದ್ದ. ಇಲ್ಲಿ ಏಕವಚನ ಬಂತು, ತಿದ್ದುವುದಿಲ್ಲ. "ಅಂಥಾ ಪೇಶೆಂಟ್ ನಿಮ್ಮ ತಾಯಿ ಆಗಿದ್ರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎದ್ದು ಬಂದೆ. ಇನ್ನೂ ಹೆಚ್ಚು ಹೇಳಬೇಕಿತ್ತು ಎಂದು ಚಿಕ್ಕಮ್ಮನ ವಾರ್ಡು ತಲುಪುವವರೆಗೂ ಅಂದುಕೊಳ್ಳುತ್ತಲೇ ಬಂದೆ.

ಒಂದು ವಿಷಯದಲ್ಲಿ ಅವರ ಮಾತು ಸುಳ್ಳಾಗಲಿಲ್ಲ. ಕರುಳು ಮತ್ತೆ ತಿರುಚಿಕೊಂಡಿತು. ನಾಲ್ಕು ತಿಂಗಳಾದ ಮೇಲೆ ಒಮ್ಮೆ, ಅದಾಗಿ ಎರಡೇ ತಿಂಗಳಿಗೆ ಇನ್ನೊಮ್ಮೆ. ಪ್ರತಿ ಸಲವೂ ವ್ಯಾನು, ನಳಿಕೆ, ಎರಡು ದಿನ ವಾರ್ಡು. ಒಮ್ಮೆ ಡಾಕ್ಟರು ಬರದ ದಿನ ತಿರುಚಿಕೊಂಡು, ಬೆಂಗಳೂರಿನವರೆಗೆ ಅವಳು ನನ್ನ ಕೈಯನ್ನು ಕಚ್ಚುವಷ್ಟು ನೋವಿನಲ್ಲಿ ಹೋಗಬೇಕಾಯಿತು. ಮೂರನೆಯ ಸಲದ ನಂತರ ಡಾಕ್ಟರು ಹೇಳಿದರು, ಹೀಗೇ ಬಿಟ್ಟರೆ ಒಂದು ದಿನ ನಾವು ತಲುಪುವಷ್ಟರಲ್ಲಿ ಕರುಳು ಕಪ್ಪಾಗಿರುತ್ತದೆ. ಆಪರೇಷನ್ ಆಗದವರಿಗೆ ಇನ್ನೊಂದು ಉಪಾಯವಿದೆ. ಅದೇ ದೀಪದ ನಳಿಕೆ ಒಳಗೆ ಬಿಟ್ಟುಕೊಂಡು, ಹೊಟ್ಟೆಯ ಮೇಲೆ ಚರ್ಮ ಮರಗಟ್ಟಿಸಿ, ಎರಡು ಸಣ್ಣ ತೂತು ಮಾಡಿ, ಎರಡು ಗಿಡ್ಡ ನಳಿಕೆಗಳಿಂದ ಕರುಳನ್ನು ಹೊಟ್ಟೆಯ ಗೋಡೆಗೆ ಹಿಡಿದು ನಿಲ್ಲಿಸುವುದು. ಆ ನಳಿಕೆಗಳು ಅಲ್ಲೇ ಇರುತ್ತವೆ, ಕರುಳು ಮತ್ತೆ ಸುತ್ತುವುದಕ್ಕೆ ಆಗುವುದಿಲ್ಲ.

"ನಾನೂ ಕೆಲವೇ ಜನಕ್ಕೆ ಮಾಡಿರೋದು. ಕೀವಾಗಬಹುದು. ಒಳಗೆ ಸೋರಿದರೆ ಪ್ರಾಣಕ್ಕೇ ಅಪಾಯ. ಯೋಚನೆ ಮಾಡಿ ಹೇಳಿ ಅಮ್ಮ."

ಚಿಕ್ಕಮ್ಮ ಒಂದೇ ಪ್ರಶ್ನೆ ಕೇಳಿದಳು. "ಸೀರೆ ಉಡೋಕಾಗ್ತದಾ?"

ಡಾಕ್ಟರು ನಗಲಿಲ್ಲ. ಅವಳನ್ನು ಎದ್ದು ನಿಂತು ಸೀರೆಯನ್ನು ಎಂದಿನಂತೆ ಉಡಲು ಹೇಳಿದರು. ಲಂಗದ ಲಾಡಿ ಎಲ್ಲಿ ಬಿಗಿಯುತ್ತದೆ, ನೆರಿಗೆ ಎಲ್ಲಿ ಸಿಕ್ಕಿಸುತ್ತಾಳೆ ಎಂದು ನೋಡಿ, ಅದಕ್ಕೆ ತಾಗದ ಹಾಗೆ ಪೆನ್ನಿನಲ್ಲಿ ಎರಡು ಗುರುತು ಹಾಕಿದರು. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಡಾಕ್ಟರು ಅವಳ ಅನುಕೂಲ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಾಡುವುದೆಂದು ಆಯಿತು. ಅಲ್ಲಿನ ಕೌಂಟರಿನಲ್ಲಿ ಮತ್ತೆ ತಗಾದೆ. "ಪೇಶೆಂಟ್ ಮೆಂಟಲ್ ಮಾತ್ರೆ ತಗೋತಾರೆ ಅಂತ ಇದೆ. ಇವರ ಸೈನ್ ನಡೆಯಲ್ಲ. ಗಂಡ ಇಲ್ಲಾಂದ್ರೆ ಅಣ್ಣ ತಮ್ಮ ಬರಬೇಕು," ಎಂದ ಗುಮಾಸ್ತ. ಮಾವನಿಗೆ ಫೋನ್ ಮಾಡಿದರೆ, "ನನ್ ಕೈಲಿ ಆಗಲ್ಲ ಕಣಮ್ಮ, ಹೆಚ್ಚುಕಮ್ಮಿ ಆದ್ರೆ ನನ್ ತಲೆ ಮೇಲೆ ಬತ್ತದೆ," ಎಂದ. ಅವಳನ್ನು ಸಾಯಲು ಕಳಿಸುವ ಕಾಗದಕ್ಕೆ ಸಹಿ ಹಾಕಿದ್ದ ಕೈ, ಬದುಕಿಸುವ ಕಾಗದಕ್ಕೆ ಬರಲಿಲ್ಲ.

ನಾನು ಕೌಂಟರಿನ ಮುಂದೆ ದನಿ ಎತ್ತಿ ಕೂಗಾಡುತ್ತಿದ್ದಾಗ ಡಾಕ್ಟರು ಕೆಳಗೆ ಬಂದರು. ಫಾರಂ ತೆಗೆದುಕೊಂಡು ಚಿಕ್ಕಮ್ಮನ ಮುಂದೆ ಇಟ್ಟು, ಏನು ಮಾಡುತ್ತೇವೆ, ಏನೇನು ಅಪಾಯ ಎಂದು ಅವಳ ಬಾಯಿಂದಲೇ ಹೇಳಿಸಿದರು. ಅವಳು ಒಂದೂ ಬಿಡದೆ ಹೇಳಿದಳು. "ಇಷ್ಟು ಸಾಕು. ನಿಮ್ಮ ನಾರ್ಮಲ್ ಪೇಶೆಂಟುಗಳು ಇದರಲ್ಲಿ ಅರ್ಧ ಹೇಳಲ್ಲ," ಎಂದು ಗುಮಾಸ್ತನಿಗೆ ಹೇಳಿದರು. ಚಿಕ್ಕಮ್ಮ ಪೆನ್ನು ಹಿಡಿದು ಕನ್ನಡದಲ್ಲಿ, ಒಂದೊಂದೇ ಅಕ್ಷರ, ತನ್ನ ಹೆಸರು ಬರೆದಳು. ಗಂಡನ ಹೆಸರು ಎಂಬ ಜಾಗವನ್ನು ಖಾಲಿ ಬಿಟ್ಟಳು.

ಎಲ್ಲವೂ ಸುಸೂತ್ರವಾಗಲಿಲ್ಲ. ನಳಿಕೆ ಹಾಕಿಸಿಕೊಂಡು ಮನೆಗೆ ಬಂದ ಮೂರನೆಯ ವಾರ ಒಂದು ತೂತಿನ ಸುತ್ತ ಕೆಂಪಾಗಿ ಕೀವು ಬಂತು. ಜ್ವರದಲ್ಲಿ ಹತ್ತು ದಿನ ಮಲಗಿದಳು. ಇದೆಲ್ಲ ಮಾಡಿಸಿ ತಪ್ಪು ಮಾಡಿದೆನೇನೋ ಎಂದು ಆಗ ನನಗೆ ಅನ್ನಿಸಿದ್ದುಂಟು. ದಿನಾ ಬೆಳಿಗ್ಗೆ ಸ್ಕೂಲಿಗೆ ಮೊದಲು ಬಿಸಿನೀರು, ಹತ್ತಿ, ಮುಲಾಮು. ಕೊನೆಗೆ ಅವಳೇ ಕನ್ನಡಿ ಇಟ್ಟುಕೊಂಡು ಡ್ರೆಸಿಂಗ್ ಮಾಡಿಕೊಳ್ಳುವುದನ್ನು ಕಲಿತಳು. "ನಿನ್ ಕೈ ಒರಟು ಕಣೇ," ಎಂದು ನನ್ನನ್ನು ಓಡಿಸುತ್ತಿದ್ದಳು.

ಆದರೆ ಕರುಳು ಮತ್ತೆ ತಿರುಚಲಿಲ್ಲ. ನಾಲ್ಕು ವರ್ಷ ಮೇಲೆ ಕೆಲವು ತಿಂಗಳು ಅವಳು ಇದ್ದಳು. ಕುಚ್ಚು ಕಟ್ಟಿದಳು, ಪಕ್ಕದ ಮನೆಯವಳ ಜೊತೆ ನಲ್ಲಿ ನೀರಿಗೆ ಜಗಳ ಆಡಿದಳು, ಕುಣಿಗಲ್ಲಿಗೆ ಒಂದು ಮದುವೆಗೆ ಹೋಗಿ ತನ್ನನ್ನು ಬಿಟ್ಟು ಹೋದ ಮನೆಯವರ ಎದುರು ರೇಷ್ಮೆ ಸೀರೆ ಉಟ್ಟು ಓಡಾಡಿ ಬಂದಳು. ಬಂದು, "ನೋಡಿದ್ರು ಕಣೇ," ಎಂದಳು, ಅಷ್ಟೇ. ಕೊನೆಗೆ ಹೃದಯ ಸೋತಿತು. ಒಂದು ಮಧ್ಯಾಹ್ನ ಊಟವಾದ ಮೇಲೆ ಮಲಗಿದವಳು ಏಳಲಿಲ್ಲ.

ಮಣ್ಣಿಗೆ ಬಂದ ಮಾವ ಎಲ್ಲರ ಮುಂದೆ, "ಪಾಪ, ಆ ಪೈಪು ಇಟ್ಕೊಂಡು ನಾಲ್ಕು ವರ್ಷ ನರಳಿದ್ಳು," ಎಂದ. "ನರಳಲಿಲ್ಲ ಮಾವ. ಬದುಕಿದ್ದಳು," ಎಂದೆ. ಜನ ನನ್ನನ್ನು ವಿಚಿತ್ರವಾಗಿ ನೋಡಿದರು. ಹೆಣದ ಮುಂದೆ ಜಗಳ ಆಡಬಾರದಂತೆ.

ಅವಳು ಹೋದ ಐದಾರು ತಿಂಗಳಿಗೆ ತುಮಕೂರಿನ ಹತ್ತಿರದ ಕೋರ ಎಂಬ ಊರಿನಿಂದ ಒಬ್ಬ ಹೆಂಗಸು ಸೀರೆಯ ಚೀಲ ಹಿಡಿದು ಬಂದಳು. ಚಿಕ್ಕಮ್ಮ ಇಲ್ಲ ಎಂಬುದು ಆಕೆಗೆ ಗೊತ್ತಿರಲಿಲ್ಲ. ಕೂರಿಸಿ ಕಾಫಿ ಕೊಟ್ಟೆ. ಅವರ ಮನೆಯಲ್ಲೂ ಸಾವಾಗಿತ್ತು. ಆಕೆಯ ಗಂಡನ ಅಪ್ಪನಿಗೆ ಹೊಟ್ಟೆ ಉಬ್ಬಿತ್ತಂತೆ, ತುಮಕೂರಿನಲ್ಲಿ ಕರುಳು ತಿರುಚಿದೆ ಎಂದರಂತೆ, ಶ್ವಾಸಕೋಶ ವೀಕು, ಆಪರೇಷನ್ ತಡೆಯಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಕಳಿಸಿದರಂತೆ. ಬೇರೆ ಆಸ್ಪತ್ರೆ, ಬೇರೆ ಡಾಕ್ಟರು. ಮಾತು ಮಾತ್ರ ಅದೇ.

"ಟ್ಯೂಬ್ ಹಾಕಿ ಬಿಡಿಸೋ ವಿಷಯ ಯಾರೂ ಹೇಳಲಿಲ್ವಾ?"

"ಇಲ್ವಲ್ಲ ಮೇಡಂ. ಹಂಗಂದ್ರೇನು?"

ಹೇಳಿದೆ. ಹೇಳುತ್ತ ಹೋದಂತೆ ಆಕೆಯ ಮುಖ ಬದಲಾಗುವುದನ್ನು ನೋಡಿ, ಈಗ ಹೇಳಿ ಏನು ಪ್ರಯೋಜನ, ಸುಮ್ಮನಿರಬೇಕಿತ್ತು ಎನಿಸಿತು. ಆದರೆ ಸುಮ್ಮನಿದ್ದವರಿಂದಲೇ ಇಷ್ಟೆಲ್ಲ ಆದದ್ದು. ನೋಟ್‌ಬುಕ್ಕಿನಿಂದ ಹಾಳೆ ಹರಿದು, ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಹೊಟ್ಟೆ ಬಿಗಿದು ಉಬ್ಬಿ ಗಾಳಿಯೂ ಹೋಗದಿದ್ದರೆ ತಡ ಮಾಡಬೇಡಿ. ಕರುಳು ತಿರುಚಿದೆ, ಆಪರೇಷನ್ ಆಗುವುದಿಲ್ಲ ಎಂದರೆ, ನಳಿಕೆ ಹಾಕಿ ಬಿಡಿಸುವ ಡಾಕ್ಟರು ಎಲ್ಲಿದ್ದಾರೆ ಎಂದು ಕೇಳಿ. ಬೈದರೂ ಕೇಳಿ.

ಆಕೆ ಅದನ್ನು ಎರಡು ಸಲ ಓದಿ, ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು. ಊರಿನಲ್ಲಿ ನಾಲ್ಕು ಜನಕ್ಕೆ ತೋರಿಸುತ್ತೇನೆ ಎಂದಳು. ಅಂಥ ಹಾಳೆಗಳನ್ನು ಆಮೇಲೆ ನಾನು ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ. ಗಣಿತದ ಟೀಚರ್ ಬರೆದುಕೊಡಬೇಕಾದ ಚೀಟಿಯಲ್ಲ ಅದು.